ಕೈ ಅಡ್ಡ ಬಂದರೆ ಮೊಬೈಲ್ ತರಂಗ ವಾಪಸ್ ಬಂದು ಫೋನ್ ಸಿಡಿಯುತ್ತದೆಯೇ? ಬೂಸ್ಟರ್ ಹಾಕಿದರೆ ಸರಿಹೋಗುತ್ತದೆಯೇ?

ದಾವಣಗೆರೆಯ ನಿಟ್ಟುವಳ್ಳಿಯ ಓದುಗರೊಬ್ಬರು ತಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಬಂದ ಸಂದೇಶವೊಂದನ್ನು ನಮಗೆ ಕಳಿಸಿ, ‘ಇದು ನಿಜವೇ?’ ಎಂದು ಕೇಳಿದ್ದಾರೆ. ಸಂದೇಶ ಹೀಗಿದೆ: ‘ಬ್ಯಾಟರಿ ಕೊನೆಯ ಗೆರೆಯಲ್ಲಿದ್ದಾಗ ಫೋನ್ ಎತ್ತಬೇಡಿ, ಆಗ ವಿಕಿರಣ 1000 ಪಟ್ಟು ಹೆಚ್ಚು. ಫೋನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ತರಂಗಕ್ಕೆ ಹೊರಗೆ ದಾರಿಯಿಲ್ಲದೆ ಒಳಗೇ ತಿರುಗಿ ಫೋನ್ ಸಿಡಿಯುತ್ತದೆ. ಮನೆಗೆ ಸಿಗ್ನಲ್ ಬೂಸ್ಟರ್ ಹಾಕಿಸಿದರೆ ಎರಡೂ ಅಪಾಯ ತಪ್ಪುತ್ತದೆ. ನಿಮ್ಮವರಿಗೆಲ್ಲ ಕಳಿಸಿ, ಜೀವ ಉಳಿಸಿ.’

ಮೊದಲ ಸಾಲು ಹಳೆಯದು. ಗುಂಡಿ ಒತ್ತುವ ಫೋನಿನ ಕಾಲದಲ್ಲಿ ಎಸ್‌ಎಂಎಸ್ ಆಗಿ ಓಡಾಡಿದ ಮಾತೇ ಈಗ ವಾಟ್ಸಾಪ್ ಹತ್ತಿದೆ. ಎರಡನೆಯ ಮತ್ತು ಮೂರನೆಯ ಸಾಲುಗಳನ್ನು ಅದಕ್ಕೆ ಬಾಲವಾಗಿ ಅಂಟಿಸಲಾಗಿದೆ. ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವುದಕ್ಕೆ ಇದೊಂದು ಉದಾಹರಣೆ ಎಂದು ಪಕ್ಕಕ್ಕಿಡಬಹುದಿತ್ತು. ಆದರೆ ಮೂರೂ ಸಾಲುಗಳನ್ನು ಒಂದೇ ಕಸದಬುಟ್ಟಿಗೆ ಹಾಕುವಂತಿಲ್ಲ. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಅರ್ಧ ಸತ್ಯವಿದೆ: ತರಂಗ ವಾಪಸ್ ಬರುತ್ತದೆ, ಫೋನ್ ಮಾತ್ರ ಸಿಡಿಯುವುದಿಲ್ಲ. ಮೂರನೆಯದು ನಿಜಕ್ಕೂ ತೊಂದರೆ ತರುವಂಥದ್ದು. ಫೋನಿನಲ್ಲಿ ಆಗುತ್ತದೆಂದು ಸಂದೇಶ ಹೆದರಿಸುವ ಸಂಗತಿ, ಅದು ಕೊಳ್ಳಲು ಹೇಳುವ ಆ ಬೂಸ್ಟರ್‌ನಲ್ಲೇ ಆಗುತ್ತದೆ.

‘1000 ಪಟ್ಟು’ ಎಲ್ಲಿಂದ ಬಂತು?

ನೀವು ‘ಹಲೋ’ ಎಂದಾಗ ಆ ಮಾತು ಟವರ್‌ವರೆಗೆ ಹೋಗಬೇಕಲ್ಲ? ಅದಕ್ಕೆ ಬಲ ಕೊಡುವುದು ಫೋನಿನೊಳಗಿನ ಪವರ್ ಆಂಪ್ಲಿಫೈಯರ್. ಉಗುರಿಗಿಂತ ಚಿಕ್ಕದಾದ ಒಂದು ಚಿಪ್. ದುರ್ಬಲ ಸಿಗ್ನಲ್ಲನ್ನು ದೊಡ್ಡದು ಮಾಡಿ ಆಂಟೆನಾಕ್ಕೆ ದಾಟಿಸುವುದೇ ಅದರ ಕೆಲಸ. ಫೋನ್ ಬಳಸುವ ತರಂಗಗಳು ಮೈಕ್ರೋವೇವ್ ಎಂದು ಕರೆಸಿಕೊಳ್ಳುವ ಗುಂಪಿಗೇ ಸೇರಿದವು. ಅಡುಗೆಮನೆಯ ಮೈಕ್ರೋವೇವ್ ಒಲೆಯ ನೆಂಟರು ಹೌದು, ಆದರೆ ಬಲದಲ್ಲಿ ಅಜಗಜಾಂತರ. ಒಲೆ 700-800 ವ್ಯಾಟ್‌ನಲ್ಲಿ ಅನ್ನ ಬಿಸಿ ಮಾಡಿದರೆ, 4ಜಿ ಫೋನ್ ಸಾಮಾನ್ಯವಾಗಿ ತನ್ನೆಲ್ಲ ಶಕ್ತಿ ಹಾಕಿದರೂ ಹೊರಡುವುದು 0.2 ವ್ಯಾಟ್.

ಎಷ್ಟು ಜೋರಾಗಿ ಮಾತಾಡಬೇಕು ಎಂಬುದನ್ನು ಫೋನಿನ ಬ್ಯಾಟರಿ ತೀರ್ಮಾನಿಸುವುದಿಲ್ಲ, ಟವರ್ ತೀರ್ಮಾನಿಸುತ್ತದೆ. ‘ಸರಿಯಾಗಿ ಕೇಳಿಸುತ್ತಿಲ್ಲ, ಜೋರು ಮಾಡು’, ‘ಸಾಕು, ಮೆಲ್ಲಗೆ’ ಎಂದು ಟವರ್ ಪ್ರತಿ ಸೆಕೆಂಡಿಗೂ ಹಲವು ಬಾರಿ ಫೋನಿಗೆ ಹೇಳುತ್ತಲೇ ಇರುತ್ತದೆ. ಹಳೆಯ 2ಜಿಯ 1800 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಫೋನ್ ಅತಿ ಮೆಲ್ಲಗೆ ಮಾತಾಡಿದರೆ 1 ಮಿಲಿವ್ಯಾಟ್, ಅತಿ ಜೋರಾದರೆ 1 ವ್ಯಾಟ್. ಲೆಕ್ಕ ಹಾಕಿ ನೋಡಿ, ಸರಿಯಾಗಿ 1000 ಪಟ್ಟು! ಆದ್ದರಿಂದ ಫಾರ್ವರ್ಡ್‌ನ ಸಂಖ್ಯೆ ಪೂರ್ತಿ ಗಾಳಿಯಿಂದ ಬಂದದ್ದಲ್ಲ ಎನ್ನಬಹುದು. ಸಿಗ್ನಲ್ ಗೆರೆ ಒಂದೇ ಇದ್ದಾಗ ಫೋನ್ ಹೆಚ್ಚು ಬಲ ಹಾಕುತ್ತದೆ ಎಂಬ ಸರಿಯಾದ ಮಾತಿನಲ್ಲಿ ಸಿಗ್ನಲ್ ಹೋಗಿ ಬ್ಯಾಟರಿ ಸೇರಿದರೆ ಈ ಸಂದೇಶ ಸಿದ್ಧ. ಎರಡೂ ಪರದೆಯ ಮೇಲ್ತುದಿಯಲ್ಲಿ ಅಕ್ಕಪಕ್ಕ ಕೂರುವ ಚಿಕ್ಕ ಚಿತ್ರಗಳೇ ತಾನೆ.

ಬ್ಯಾಟರಿ ಇಳಿದಾಗ ಆಗುವುದು ಇದರ ತದ್ವಿರುದ್ಧ. ಆಂಪ್ಲಿಫೈಯರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಬ್ಯಾಟರಿ ಕೊಟ್ಟದ್ದನ್ನು ತರಂಗವಾಗಿ ಬದಲಿಸುತ್ತದೆ ಅಷ್ಟೆ. ವೋಲ್ಟೇಜ್ ಇಳಿದರೆ ಅದರ ಗರಿಷ್ಠ ಬಲವೂ ಇಳಿಯುತ್ತದೆ. ಅದಕ್ಕೇ ಇಂದಿನ ಫೋನ್‌ಗಳಲ್ಲಿ ಬ್ಯಾಟರಿ ಕುಸಿದರೂ ಆಂಪ್ಲಿಫೈಯರ್‌ಗೆ ಸಿಗುವ ವೋಲ್ಟೇಜನ್ನು ಹತೋಟಿಯಲ್ಲಿಡುವ ಮಂಡಲಗಳಿರುತ್ತವೆ. ಅದೂ ಆಗದಿದ್ದರೆ ಫೋನ್ ಆರಿಹೋಗುತ್ತದೆ.

ಒಂದು ಸಣ್ಣ ಲೆಕ್ಕವನ್ನೂ ಮಾಡೋಣ. 0.2 ವ್ಯಾಟ್‌ನ 1000 ಪಟ್ಟು ಎಂದರೆ 200 ವ್ಯಾಟ್. 5000 ಎಂಎಎಚ್ ಬ್ಯಾಟರಿ ಪೂರ್ತಿ ತುಂಬಿದಾಗ ಅದರಲ್ಲಿರುವುದು ಸುಮಾರು 19 ವ್ಯಾಟ್-ಗಂಟೆಯಷ್ಟು ಶಕ್ತಿ. ಅದರಲ್ಲಿ ಶೇ 5 ಮಾತ್ರ ಉಳಿದಿರುವಾಗ 200 ವ್ಯಾಟ್ ಹೊರಡಿಸಲು ಹೋದರೆ, ಒಂದಿಷ್ಟೂ ಸೋರದೆ ಎಲ್ಲವೂ ತರಂಗವಾದರೂ, 17 ಸೆಕೆಂಡಿನಲ್ಲಿ ಬ್ಯಾಟರಿ ಖಾಲಿ. ಕೊನೆಯ ಗೆರೆಯಲ್ಲೂ ಅತ್ತಿಗೆಯ ಜೊತೆ ಹತ್ತು ನಿಮಿಷ ಮಾತಾಡಿ ಮುಗಿಸಿದ ಅನುಭವ ನಿಮಗಿದ್ದರೆ, ಈ ಸಾಲಿಗೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ಆರೋಗ್ಯದ ಮಿತಿಯ ಮಾತು. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಫೋನ್‌ಗಳಿಗೆ ಇರುವ ಎಸ್‌ಎಆರ್ ಮಿತಿ, ದೇಹದ ಯಾವುದೇ 1 ಗ್ರಾಂ ಭಾಗದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್. ಈ ಪರೀಕ್ಷೆ ನಡೆಯುವುದೇ ಫೋನ್ ತನ್ನ ಗರಿಷ್ಠ ಬಲದಲ್ಲಿ ಕೂಗುತ್ತಿರುವಾಗ. ಹೆಚ್ಚಿನ ಫೋನ್‌ಗಳಲ್ಲಿ *#07# ಒತ್ತಿದರೆ ನಿಮ್ಮ ಫೋನಿನ ಎಸ್‌ಎಆರ್ ಅಂಕಿ ಕಾಣುತ್ತದೆ.

ತರಂಗ ವಾಪಸ್ ಬರುವುದು ನಿಜ

ಎರಡನೆಯ ಸಾಲಿಗೆ ಬರೋಣ. ಇದನ್ನು ನಗುತ್ತಾ ತಳ್ಳಿಹಾಕುವವರೇ ಹೆಚ್ಚು. ನಾವು ತಳ್ಳಿಹಾಕುವುದಿಲ್ಲ, ಯಾಕೆಂದರೆ ಇದರ ಹಿಂದೆ ರೇಡಿಯೋ ಎಂಜಿನಿಯರುಗಳ ನಿದ್ದೆ ಕೆಡಿಸುವ ಒಂದು ನಿಜವಾದ ಸಮಸ್ಯೆ ಇದೆ.

ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಒಮ್ಮೆ ಜಾಡಿಸಿ. ಒಂದು ಅಲೆ ಕಂಬದವರೆಗೆ ಓಡಿ, ಅಲ್ಲಿಂದ ತಿರುಗಿ ನಿಮ್ಮ ಕೈಗೇ ಬರುತ್ತದೆ. ದಾವಣಗೆರೆ ಸೀಮೆಯವರಿಗೆ ಇನ್ನೊಂದು ಉದಾಹರಣೆ ಹೇಳಬಹುದು: ಭದ್ರಾ ನಾಲೆಯಲ್ಲಿ ನೀರು ಹರಿಯುತ್ತಿರುವಾಗ ಮುಂದಿನ ಗೇಟನ್ನು ಥಟ್ಟನೆ ಇಳಿಸಿದರೆ ಅಲೆಯೊಂದು ಹಿಂದಕ್ಕೆ ಸಾಗುತ್ತದೆ. ಹರಿಯುವ ದಾರಿ ಇದ್ದಕ್ಕಿದ್ದಂತೆ ಬದಲಾದ ಕಡೆಯಲ್ಲೆಲ್ಲ ಅಲೆಯ ಒಂದು ಪಾಲು ಹಿಂದಿರುಗುತ್ತದೆ. ರೇಡಿಯೋ ತರಂಗಕ್ಕೂ ಇದೇ ನಿಯಮ.

ಆಂಪ್ಲಿಫೈಯರ್‌ನಿಂದ ಹೊರಟ ಶಕ್ತಿ ತಲುಪುವ ಜಾಗಕ್ಕೆ ‘ಲೋಡ್’ ಎನ್ನುತ್ತಾರೆ. ಫೋನಿನಲ್ಲಿ ಆ ಲೋಡ್ ಆಂಟೆನಾ. ಎರಡರ ನಡುವಿನ ದಾರಿ ಸಾಮಾನ್ಯವಾಗಿ 50 ಓಮ್ ಎಂಬ ಅಳತೆಗೆ ಹೊಂದಿಕೊಂಡಿರುತ್ತದೆ. ಆಂಟೆನಾವೂ 50 ಓಮ್‌ನಂತೆ ನಡೆದುಕೊಂಡರೆ ಶಕ್ತಿಯೆಲ್ಲ ಹೊರಗೆ ಹೋಗುತ್ತದೆ. ಆದರೆ ಆಂಟೆನಾ ಗಾಳಿಯಲ್ಲಿ ಒಂಟಿಯಾಗಿ ಕುಳಿತಿರುವುದಿಲ್ಲವಲ್ಲ? ನೀವು ಬೆರಳಿಟ್ಟಿರಿ, ಅದರ ನಡವಳಿಕೆ ಬದಲಾಯಿತು. ಕಿವಿಗೆ ಒತ್ತಿದಿರಿ, ಮತ್ತೆ ಬದಲಾಯಿತು. ಬೀರುವಿನ ಮೇಲೆ ಇಟ್ಟಿರಿ, ಬೈಕಿನ ಟ್ಯಾಂಕ್ ಮೇಲಿನ ಚೀಲಕ್ಕೆ ಹಾಕಿದಿರಿ, ಬಳೆ ತೊಟ್ಟ ಕೈಯಲ್ಲಿ ಹಿಡಿದಿರಿ, ಪ್ರತಿಸಲವೂ ಅದು ಬೇರೆಯೇ ಲೋಡ್. ಹೊಂದಾಣಿಕೆ ತಪ್ಪಿದಷ್ಟೂ ವಾಪಸ್ ಬರುವ ಪಾಲು ಹೆಚ್ಚು.

ಈ ತಪ್ಪನ್ನು ಅಳೆಯಲು ಎಂಜಿನಿಯರುಗಳು ಒಂದು ಅನುಪಾತ ಇಟ್ಟುಕೊಂಡಿದ್ದಾರೆ. 1:1 ಎಂದರೆ ಪೂರ್ತಿ ಹೊಂದಾಣಿಕೆ, ಏನೂ ವಾಪಸ್ ಬರುವುದಿಲ್ಲ. 3:1 ಆದರೆ ಹೊರಟ ಶಕ್ತಿಯ ಶೇ 25 ವಾಪಸ್. 10:1 ಆದರೆ ಸುಮಾರು ಶೇ 67 ವಾಪಸ್. ಮೂರರಲ್ಲಿ ಎರಡು ಪಾಲು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದಂತೆ! ಈ ವಾಪಸಾತಿಯನ್ನು ಇಡೀ ಜಗತ್ತು ಒಮ್ಮೆ ಕಣ್ಣಾರೆ ಕಂಡದ್ದೂ ಇದೆ. 2010ರ ಜೂನ್‌ನಲ್ಲಿ ಬಂದ ಐಫೋನ್ 4ರ ಉಕ್ಕಿನ ಅಂಚೇ ಅದರ ಆಂಟೆನಾ ಆಗಿತ್ತು. ಎಡಗೈಯಲ್ಲಿ ಹಿಡಿದಾಗ ಕೆಳಗಿನ ಎಡಮೂಲೆಯ ಸಣ್ಣ ಬಿರುಕಿನ ಮೇಲೆ ಅಂಗೈ ಕೂತರೆ ಸಿಗ್ನಲ್ ಗೆರೆಗಳು ಒಂದೊಂದಾಗಿ ಉದುರುತ್ತಿದ್ದವು. ಗಲಾಟೆ ಎಷ್ಟಾಯಿತೆಂದರೆ ಜುಲೈ 16ರಂದು ಸ್ಟೀವ್ ಜಾಬ್ಸ್ ಪತ್ರಿಕಾಗೋಷ್ಠಿ ಕರೆದು, ಕೊಂಡವರಿಗೆಲ್ಲ ಪುಕ್ಕಟೆ ರಬ್ಬರ್ ಅಂಚಿನ ಕವರ್ ಕೊಡುವುದಾಗಿ ಹೇಳಬೇಕಾಯಿತು. ಹೊಂದಾಣಿಕೆ ತಪ್ಪಿದ ಲೋಡ್‌ನ ಫಲ ಎಂದರೆ ಇಷ್ಟೇ: ಕರೆ ಕಡಿದುಹೋಯಿತು.

ಹಾಗಾದರೆ ವಾಪಸ್ ಬಂದ ಶಕ್ತಿ ಎಲ್ಲಿ ಹೋಗುತ್ತದೆ? ನಿಮ್ಮ ತಲೆಗಲ್ಲ. ಅದು ಆಂಪ್ಲಿಫೈಯರ್‌ಗೇ ಹಿಂದಿರುಗುತ್ತದೆ. ಹೊರಡುವ ಅಲೆ, ಬರುವ ಅಲೆ ಒಂದರ ಮೇಲೊಂದು ಕೂತು ಟ್ರಾನ್ಸಿಸ್ಟರ್‌ನ ತುದಿಯಲ್ಲಿ ವೋಲ್ಟೇಜ್ ಬ್ಯಾಟರಿಯ ಹಲವು ಪಟ್ಟು ಏರಬಹುದು, ಇಲ್ಲವೇ ಕರೆಂಟ್ ಹೆಚ್ಚಿ ಅದು ಬಿಸಿಯಾಗಬಹುದು. ವಿನ್ಯಾಸ ಕೆಟ್ಟದಾಗಿದ್ದರೆ ಚಿಪ್ ಸುಟ್ಟುಹೋಗುತ್ತದೆ. ಹಾಗಾದರೂ ಆಗುವುದು ಫೋನಿಗೆ ನೆಟ್‌ವರ್ಕ್ ಸಿಗದಿರುವುದು, ಸ್ಫೋಟವಲ್ಲ. ಫೋನ್ ಹೊತ್ತಿ ಉರಿಯುವ ಘಟನೆಗಳು ನಡೆದಿವೆ, ನಿಜ. ಅವುಗಳ ಮೂಲ ಲಿಥಿಯಂ ಬ್ಯಾಟರಿ. 2016ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ನೋಟ್ 7 ಫೋನ್‌ಗಳನ್ನೆಲ್ಲ ಹಿಂಪಡೆದದ್ದು ಬ್ಯಾಟರಿಯೊಳಗಿನ ದೋಷಕ್ಕೆ. ಉಬ್ಬಿದ ಬ್ಯಾಟರಿ, ದಿಂಬಿನ ಅಡಿ ಚಾರ್ಜಿಂಗ್, ಫುಟ್‌ಪಾತ್ ಚಾರ್ಜರ್, ಹೆದರುವುದಿದ್ದರೆ ಇವುಗಳಿಗೆ ಹೆದರಿ.

ಶಾಮಿಯಾನದ ಮೈಕು ಕಿರುಚುವುದೇಕೆ?

ಬಿಸಿಯಾಗುವುದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಫಾರ್ವರ್ಡ್ ಬರೆದವರಿಗೆ ಅದರ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ‘ಒಳಗೇ ತಿರುಗಿ’ ಎಂಬ ಮಾತಿನಲ್ಲಿ ಅದರ ನೆರಳಿದೆ.

ಗಣಪತಿ ಪೆಂಡಾಲಿನಲ್ಲಿ ಭಾಷಣಕಾರರು ಮೈಕು ಹಿಡಿದು ಸ್ಪೀಕರ್ ಪೆಟ್ಟಿಗೆಯ ಮುಂದೆ ಹೋದೊಡನೆ ‘ಕೂಂಯ್’ ಎಂದು ಕಿವಿ ಸೀಳುವ ಸದ್ದು ಬರುತ್ತದಲ್ಲ, ಅದು ಯಾರೂ ಮಾಡದ ಸದ್ದು. ಸ್ಪೀಕರ್‌ನಿಂದ ಬಂದ ದನಿ ಮೈಕಿಗೆ ಹೊಕ್ಕು, ಆಂಪ್ಲಿಫೈಯರ್‌ನಲ್ಲಿ ದೊಡ್ಡದಾಗಿ, ಮತ್ತೆ ಸ್ಪೀಕರ್‌ನಿಂದ ಬಂದು, ಮತ್ತೆ ಮೈಕಿಗೆ ಹೊಕ್ಕು, ಒಂದೊಂದು ಸುತ್ತಿಗೂ ಬೆಳೆಯುತ್ತಾ ಹೋಗುತ್ತದೆ. ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದಾಗಲೇ ಆ ಬೆಳವಣಿಗೆ ನಿಲ್ಲುವುದು. ಅಲ್ಲಿಗೆ ಅದು ಆಂಪ್ಲಿಫೈಯರ್ ಆಗಿ ಉಳಿಯುವುದಿಲ್ಲ, ಸ್ವಂತ ದನಿಯಲ್ಲಿ ಕೂಗುವ ಯಂತ್ರವಾಗುತ್ತದೆ. ಹೀಗೆ ಕೂಗಲು ಎರಡು ಷರತ್ತು ಸಾಕು: ಒಂದು ಸುತ್ತು ಬಂದಾಗ ಸಿಗ್ನಲ್ ಹೋದದ್ದಕ್ಕಿಂತ ದೊಡ್ಡದಾಗಿರಬೇಕು, ಮತ್ತು ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ ತಾಳ ಕೂಡಿರಬೇಕು.

ಮೈಕ್ರೋವೇವ್ ಟ್ರಾನ್ಸಿಸ್ಟರ್‌ನಲ್ಲಿ ಸ್ಪೀಕರ್‌ನಿಂದ ಮೈಕಿಗೆ ಹೋಗುವ ಆ ದಾರಿ ಒಳಗೇ ಇರುತ್ತದೆ. ಔಟ್‌ಪುಟ್‌ನ ಒಂದು ಚೂರು ಇನ್‌ಪುಟ್‌ಗೆ ಸೋರುತ್ತಲೇ ಇರುತ್ತದೆ. ಆಂಟೆನಾ ಹೊಂದಿಕೊಂಡಿದ್ದಾಗ ಆ ಸೋರಿಕೆಯಿಂದ ತೊಂದರೆಯಿಲ್ಲ. ಹೊಂದಾಣಿಕೆ ತಪ್ಪಿ ತರಂಗ ವಾಪಸ್ ಬಂದಾಗ ಸೋರಿಕೆ ಹೆಚ್ಚಾಗಬಹುದು, ತಾಳವೂ ಕೂಡಿಬರಬಹುದು. ಎಷ್ಟು ವಾಪಸ್ ಬಂತು ಎಂಬುದರಷ್ಟೇ, ಯಾವ ಹೊತ್ತಿಗೆ ಬಂತು ಎಂಬುದೂ ಮುಖ್ಯ. ಬೆರಳನ್ನು ಅರ್ಧ ಇಂಚು ಸರಿಸಿದರೆ ತಾಳ ಬದಲಾಗುತ್ತದೆ. ನಿಮ್ಮ ಕೈ ಹೇಗೆ ಹಿಡಿಯುತ್ತದೆಂದು ಎಂಜಿನಿಯರ್‌ಗೆ ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ ಅವರು ಎಲ್ಲ ರೀತಿಯ ಕೈಗಳಿಗೂ ಸಿದ್ಧರಾಗಬೇಕು.

ಇದಕ್ಕೆ ಗಣಿತ ಒದಗಿಸಿದವರಲ್ಲಿ ಮುಖ್ಯರು ಜಾನ್ ರೋಲೆಟ್. ಅವರ 1962ರ ಪ್ರಬಂಧದಿಂದ ಬಂದ ‘ಕೆ’ ಎಂಬ ಒಂದು ಸಂಖ್ಯೆಯನ್ನು ಇಂದಿಗೂ ವಿದ್ಯಾರ್ಥಿಗಳು ಲೆಕ್ಕ ಹಾಕುತ್ತಾರೆ. ಅದು 1ಕ್ಕಿಂತ ಹೆಚ್ಚಿದ್ದು, ಜೊತೆಗಿರುವ ಇನ್ನೊಂದು ಸಣ್ಣ ಷರತ್ತೂ ಪೂರೈಸಿದರೆ, ಸ್ವಂತ ಶಕ್ತಿಯಿಲ್ಲದ ಯಾವ ಲೋಡ್ ತಂದು ಜೋಡಿಸಿದರೂ ಆ ಆಂಪ್ಲಿಫೈಯರ್ ಕಿರುಚುವುದಿಲ್ಲ. ಅಂಗೈ, ಗೋಡೆ, ಕಬ್ಬಿಣದ ಗ್ರಿಲ್, ಏನೂ ಜೋಡಿಸದ ಬರಿ ತುದಿ, ಇವೆಲ್ಲವೂ ಸ್ವಂತ ಶಕ್ತಿಯಿಲ್ಲದವೇ. ಬಂದದ್ದನ್ನು ಹೆಚ್ಚೆಂದರೆ ಪೂರ್ತಿ ಹಿಂದಿರುಗಿಸಬಲ್ಲವು, ಒಂದು ಹನಿಯನ್ನೂ ಸೇರಿಸಲಾರವು. (ಈ ಮಾತನ್ನು ನೆನಪಿಡಿ, ಬೂಸ್ಟರ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.) ಈ ಭದ್ರತೆ ಪುಕ್ಕಟೆ ಸಿಗುವುದಿಲ್ಲ. ಮಂಡಲದಲ್ಲಿ ಅಲ್ಲಲ್ಲಿ ಸಣ್ಣ ರೆಸಿಸ್ಟರ್‌ಗಳನ್ನಿಟ್ಟು ಒಂದಿಷ್ಟು ಬಲವನ್ನು ಬೇಕೆಂದೇ ಕಳೆದುಕೊಳ್ಳಬೇಕಾಗುತ್ತದೆ.

ಲೆಕ್ಕ ಮುಗಿದ ಮೇಲೆ ಪರೀಕ್ಷೆ. ‘ಕೆ’ ಸಂಖ್ಯೆ ಸಣ್ಣ ಸಿಗ್ನಲ್‌ಗೆ ಹೇಳಿದ್ದು, ಪೂರ್ತಿ ಬಲದಲ್ಲಿ ಟ್ರಾನ್ಸಿಸ್ಟರ್‌ನ ಸ್ವಭಾವವೇ ಬೇರೆ. ಹಾಗಾಗಿ ಪ್ರಯೋಗಾಲಯದಲ್ಲಿ ಆಂಟೆನಾದ ಜಾಗದಲ್ಲಿ, ಬೇಕಾದಷ್ಟು ಹೊಂದಾಣಿಕೆ ತಪ್ಪಿಸಬಲ್ಲ ಉಪಕರಣವನ್ನು ಜೋಡಿಸುತ್ತಾರೆ. 10:1ರಂಥ ಕೆಟ್ಟ ಲೋಡ್ ಕೊಟ್ಟು, ವಾಪಸಾತಿಯ ತಾಳವನ್ನು ಒಂದು ಪೂರ್ತಿ ಸುತ್ತು ತಿರುಗಿಸಿ, ಬ್ಯಾಟರಿ ವೋಲ್ಟೇಜನ್ನು ಏರಿಸಿ ಇಳಿಸಿ, ಚಿಪ್ಪನ್ನು ಕಾಯಿಸಿ ತಣಿಸಿ, ಎಲ್ಲಾದರೂ ಕರೆಯದೇ ಬಂದ ನೆಂಟನಂತೆ ಹೊಸ ತರಂಗವೊಂದು ಇಣುಕುತ್ತದೆಯೇ ಎಂದು ಪರದೆಯ ಮೇಲೆ ಹುಡುಕುತ್ತಾರೆ. ಇಣುಕಿದರೆ ಚಿಪ್ ಮತ್ತೆ ವಿನ್ಯಾಸದ ಮೇಜಿಗೆ. ನಿಮ್ಮ ಮುಷ್ಟಿ ಕೊಡಬಹುದಾದ ಕಾಟವನ್ನೆಲ್ಲ ಆ ಚಿಪ್ಪಿನ ವಿನ್ಯಾಸ ಮೊದಲೇ ಅನುಭವಿಸಿ ಬಂದಿರುತ್ತದೆ.

ಟವರ್‌ಗಳಲ್ಲಿ ಉಪಾಯ ಬೇರೆ. ಅಲ್ಲಿ ಬಲ ಹತ್ತಾರು ವ್ಯಾಟ್. ಮಳೆಗಾಲದಲ್ಲಿ ಕೇಬಲ್ ಜಾಯಿಂಟಿಗೆ ನೀರು ಹೊಕ್ಕರೂ ಹೊಂದಾಣಿಕೆ ಕೆಡುತ್ತದೆ. ಆಂಪ್ಲಿಫೈಯರ್ ಮತ್ತು ಆಂಟೆನಾ ನಡುವೆ ಸರ್ಕ್ಯುಲೇಟರ್ ಎಂಬ ಫೆರೈಟ್ ಬಿಲ್ಲೆ ಕೂರಿಸುತ್ತಾರೆ. ದಾವಣಗೆರೆಯ ಜಯದೇವ ವೃತ್ತವನ್ನು ಕಣ್ಮುಂದೆ ತಂದುಕೊಳ್ಳಿ: ವೃತ್ತ ಸುತ್ತುವ ಗಾಡಿಗಳೆಲ್ಲ ಒಂದೇ ದಿಕ್ಕಿಗೆ ಹೋಗಬೇಕು. ಸರ್ಕ್ಯುಲೇಟರ್ ಒಳಗೆ ತರಂಗಕ್ಕೂ ಅದೇ ಶಿಸ್ತು. ಆಂಪ್ಲಿಫೈಯರ್ ಬೀದಿಯಿಂದ ಬಂದದ್ದು ಆಂಟೆನಾ ಬೀದಿಗೆ ಹೋಗುತ್ತದೆ. ಆಂಟೆನಾ ಬೀದಿಯಿಂದ ವಾಪಸ್ ಬಂದದ್ದಕ್ಕೆ ಸಿಗುವುದು ಮುಂದಿನ ಮೂರನೇ ಬೀದಿ ಮಾತ್ರ. ಅಲ್ಲಿ ಅದನ್ನು ಬಿಸಿಯಾಗಿ ಕರಗಿಸುವ ರೆಸಿಸ್ಟರ್ ಕಾದು ಕೂತಿರುತ್ತದೆ.

ಈ ಮೈಕ್ರೋವೇವ್ ವಿದ್ಯೆಗೆ ನಮ್ಮ ನೆಲದಲ್ಲಿ ಬುನಾದಿ ಹಾಕಿದವರಲ್ಲಿ ಕನ್ನಡತಿಯೊಬ್ಬರಿದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮುಗಿಸಿ 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಅಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯನ್ನು ಕಟ್ಟಿ ಬೆಳೆಸಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಅವರ ಹೆಸರಿನ ಫಾರ್ವರ್ಡ್ ನಮಗೆ ಇದುವರೆಗೆ ಒಂದೂ ಬಂದಿಲ್ಲ.

ಈಗ ಬೂಸ್ಟರ್

ಒತ್ತೊತ್ತಾಗಿ ಮನೆಗಳಿರುವ ಕಡೆ, ಅದರಲ್ಲೂ ಕೆಳಮನೆಯ ಒಳಕೋಣೆಯಲ್ಲಿ ಸಿಗ್ನಲ್ ಸಿಗದಿರುವುದು ನಿಜವಾದ ಕಷ್ಟ. ‘ಒಂದೇ ಪೆಟ್ಟಿಗೆ, ಎಲ್ಲ ಕಂಪನಿಗೂ ಫುಲ್ ಸಿಗ್ನಲ್’ ಎಂಬ ಜಾಹೀರಾತು ನೋಡಿದರೆ ಆಸೆಯಾಗುವುದು ಸಹಜ. ಇದರ ರಚನೆ ಸರಳ: ತಾರಸಿಯ ಮೇಲೊಂದು ಆಂಟೆನಾ, ಮನೆಯೊಳಗೊಂದು ಆಂಟೆನಾ, ನಡುವೆ ಎರಡೂ ದಿಕ್ಕಿಗೆ ಕೆಲಸ ಮಾಡುವ ಆಂಪ್ಲಿಫೈಯರ್. ತಾರಸಿಯದು ಟವರ್‌ನ ದನಿ ಕೇಳಿ ಒಳಗೆ ದೊಡ್ಡದಾಗಿ ಹೇಳುತ್ತದೆ. ಒಳಗಿನದು ನಿಮ್ಮ ಫೋನಿನ ದನಿ ಕೇಳಿ ಟವರ್‌ಗೆ ದೊಡ್ಡದಾಗಿ ಹೇಳುತ್ತದೆ. ಒಂದು ಮೈಕು, ಒಂದು ಸ್ಪೀಕರ್. ಶಾಮಿಯಾನದ ಕಥೆ ಮತ್ತೆ ಶುರು.

ಮನೆಗೆ ಹಾಕುವ ಬೂಸ್ಟರ್ 70 ಡೆಸಿಬೆಲ್ ವರ್ಧನೆಯದು ಎಂದಿಟ್ಟುಕೊಳ್ಳಿ. ಹಾಗೆಂದರೆ ಶಕ್ತಿಯನ್ನು 1 ಕೋಟಿ ಪಟ್ಟು ಮಾಡುತ್ತದೆ. ಎರಡು ಆಂಟೆನಾಗಳ ನಡುವೆ 5 ಮೀಟರ್ ಅಂತರವಿದ್ದರೆ 900 ಮೆಗಾಹರ್ಟ್ಸ್ ತರಂಗ ಆ ದೂರದಲ್ಲಿ ಸುಮಾರು 35,000 ಪಟ್ಟು ಸೊರಗುತ್ತದೆ. ನಡುವಿನ ಆರ್‌ಸಿಸಿ ಸ್ಲ್ಯಾಬ್ ಇನ್ನೊಂದು 30 ಪಟ್ಟು ಕಡಿಮೆ ಮಾಡಿತು ಎನ್ನೋಣ. ಒಟ್ಟು ಸೊರಗಿದ್ದು ಸುಮಾರು 10 ಲಕ್ಷ ಪಟ್ಟು. ಬೆಳೆದದ್ದು 1 ಕೋಟಿ ಪಟ್ಟು. ಅಂದರೆ ಒಂದೊಂದು ಸುತ್ತಿಗೂ ಸಿಗ್ನಲ್ 10 ಪಟ್ಟು ದೊಡ್ಡದಾಗಿ ಹಿಂದಿರುಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬೂಸ್ಟರ್ ತನ್ನ ಗರಿಷ್ಠ ಬಲದಲ್ಲಿ ಕಿರುಚತೊಡಗುತ್ತದೆ. ಇದನ್ನು ತಪ್ಪಿಸಲು ಸೊರಗುವಿಕೆ ವರ್ಧನೆಗಿಂತ ಕನಿಷ್ಠ 15 ಡೆಸಿಬೆಲ್‌ನಷ್ಟಾದರೂ, ಅಂದರೆ ಸುಮಾರು 30 ಪಟ್ಟು, ಹೆಚ್ಚಿರಬೇಕೆಂದು ಅಳವಡಿಸುವ ತಂತ್ರಜ್ಞರು ನೋಡಿಕೊಳ್ಳುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿ ಕೇಬಲ್ ಹುಡುಗನ ಕೈಯಲ್ಲಿ ಮೊಳೆ ಹೊಡೆಸಿದ ಪೆಟ್ಟಿಗೆಗೆ ಈ ಲೆಕ್ಕ ಮಾಡುವವರು ಯಾರು?

ಮೇಲೆ ನೆನಪಿಡಿ ಎಂದ ಮಾತು ಇಲ್ಲಿ ಬರುತ್ತದೆ. ಅಂಗೈ, ಗೋಡೆಗಳು ಬಂದದ್ದಕ್ಕಿಂತ ಹೆಚ್ಚನ್ನು ಹಿಂದಿರುಗಿಸಲಾರವು. ಬೂಸ್ಟರ್‌ನ ಕಥೆ ಹಾಗಲ್ಲ. ಅದರ ಒಳ ಆಂಟೆನಾದಿಂದ ಹೊರಟದ್ದು ತಾರಸಿ ಆಂಟೆನಾ ಮುಟ್ಟಿದರೆ, ಅಲ್ಲಿ ಅದಕ್ಕಾಗಿ ಇನ್ನೊಂದು ಸುತ್ತಿನ ವರ್ಧನೆ ಕಾದಿದೆ. ‘ಕೆ’ ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಇಲ್ಲಿ ಕಾಪಾಡುವುದಿಲ್ಲ. ಇದರ ಜೊತೆಗೆ ಡಿಶ್ ಟಿವಿಗೆ ಬಳಸುವ 75 ಓಮ್ ಕೇಬಲ್, ಹಲ್ಲಿನಿಂದ ಸುಲಿದು ಹೊಸೆದ ಜಾಯಿಂಟ್, ‘ಸದ್ಯಕ್ಕೆ ಬೇಡ’ ಎಂದು ಬಿಚ್ಚಿಟ್ಟ ಒಳ ಆಂಟೆನಾ ಸೇರಿದರಂತೂ ಹೊಂದಾಣಿಕೆ ತಪ್ಪಿದ ಲೋಡ್‌ನ ಎಲ್ಲ ಕಾಟಗಳೂ ಒಂದೇ ಮನೆಯಲ್ಲಿ ಕೂಡುತ್ತವೆ. ಅಮೆರಿಕದಲ್ಲಿ 2013ರ ನಿಯಮದ ಪ್ರಕಾರ ಗ್ರಾಹಕರ ಬೂಸ್ಟರ್ ತಾನು ಕಿರುಚುತ್ತಿರುವುದನ್ನು ತಾನೇ ಪತ್ತೆ ಮಾಡಿ ಬಾಯಿ ಮುಚ್ಚಿಕೊಳ್ಳಬೇಕು. ಅಗ್ಗದ ಪೆಟ್ಟಿಗೆಗಳಲ್ಲಿ ಮೊದಲು ಉಳಿಸುವ ಖರ್ಚು ಇಂಥದ್ದೇ.

ಈ ಕಿರುಚಾಟ ನಿಮಗೆ ಕೇಳಿಸುವುದಿಲ್ಲ. ಕೇಳಿಸುವುದು ಟವರ್‌ಗೆ. ದೂರದ ಫೋನೊಂದರ ದನಿ ಟವರ್ ತಲುಪುವಾಗ ಒಂದು ವ್ಯಾಟ್‌ನ 10 ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಮೆಲ್ಲಗಿರಬಹುದು. ಅಷ್ಟನ್ನೂ ಟವರ್ ಕಿವಿಗೊಟ್ಟು ಆಲಿಸುತ್ತಿರುತ್ತದೆ. ಅರ್ಧ ಕಿಲೋಮೀಟರ್ ಆಚೆ, ಅಡೆತಡೆಯಿಲ್ಲದ ತಾರಸಿಯಿಂದ 0.1 ವ್ಯಾಟ್‌ನ ಕಿರುಚಾಟ ಹೊರಟರೂ ಅದು ಟವರ್ ಮುಟ್ಟುವಾಗ ಆ ದನಿಗಿಂತ ಸಾವಿರಾರು ಪಟ್ಟು ಜೋರಾಗಿರುತ್ತದೆ. ಟವರ್‌ಗೆ ಕಿವುಡು ಹಿಡಿಯುತ್ತದೆ.

ಆಗ ಸುತ್ತಲಿನ ಮನೆಗಳಲ್ಲಿ ಏನಾಗುತ್ತದೆ ನೋಡಿ. ಫೋನಿನ ಸಿಗ್ನಲ್ ಗೆರೆ ತೋರಿಸುವುದು ಟವರ್‌ನ ದನಿ ನಿಮಗೆ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂಬುದನ್ನು ಮಾತ್ರ. ನಿಮ್ಮ ದನಿ ಟವರ್‌ಗೆ ಕೇಳಿಸುತ್ತದೆಯೇ ಎಂಬುದು ಅಲ್ಲಿ ಕಾಣುವುದಿಲ್ಲ. ಹಾಗಾಗಿ ಗೆರೆಗಳು ತುಂಬಿರುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ಹೋದರೂ ‘ಹಲೋ, ಹಲೋ, ಕೇಳಿಸ್ತಿಲ್ಲ’. ರಾತ್ರಿ ಎದೆನೋವು ಬಂದ ಅಜ್ಜನಿಗಾಗಿ 108ಕ್ಕೋ 112ಕ್ಕೋ ಒತ್ತುವ ಕರೆಗೂ ಇದೇ ಗತಿ. ಟವರ್ ತನಗೆ ಕೇಳಿಸುತ್ತಿಲ್ಲವೆಂದು ಸುತ್ತಲಿನ ಎಲ್ಲ ಫೋನ್‌ಗಳಿಗೂ ‘ಜೋರು ಮಾಡು, ಇನ್ನೂ ಜೋರು’ ಎನ್ನುತ್ತದೆ. ಅವು ಗರಿಷ್ಠ ಬಲಕ್ಕೆ ಏರುತ್ತವೆ, ಬ್ಯಾಟರಿ ಬೇಗ ಕರಗುತ್ತದೆ. ವಿಕಿರಣಕ್ಕೆ ಹೆದರಿ ಒಂದು ಮನೆಯವರು ಹಾಕಿಸಿದ ಪೆಟ್ಟಿಗೆ ಇಡೀ ಓಣಿಯ ಫೋನ್‌ಗಳ ವಿಕಿರಣವನ್ನು, ಮಿತಿಯೊಳಗೇ ಆದರೂ, ಹೆಚ್ಚಿಸುತ್ತದೆ!

ಕಾನೂನಿನ ಮಾತೂ ಸ್ಪಷ್ಟವಾಗಿದೆ. ಪರವಾನಗಿ ಇಲ್ಲದೆ ರೇಡಿಯೋ ಉಪಕರಣ ಇಟ್ಟುಕೊಳ್ಳುವುದನ್ನು 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯೇ ತಡೆದಿತ್ತು. 2023ರ ದೂರಸಂಪರ್ಕ ಕಾಯ್ದೆಯೂ ಇದಕ್ಕೆ ಅನುಮತಿ ಬೇಕೆನ್ನುತ್ತದೆ. ಪರವಾನಗಿ ಪಡೆದ ಮೊಬೈಲ್ ಕಂಪನಿಗಳನ್ನು ಬಿಟ್ಟು ಬೇರೆ ಯಾರೂ ಮೊಬೈಲ್ ಸಿಗ್ನಲ್ ಬೂಸ್ಟರನ್ನು ಹೊಂದುವುದು, ಮಾರುವುದು, ಬಳಸುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜುಲೈನಲ್ಲಿ ಸಾರ್ವಜನಿಕರಿಗೆ ಸೂಚನೆ ಹೊರಡಿಸಿದೆ. ಇಲಾಖೆಯ ನಿಸ್ತಂತು ನಿಗಾ ವಿಭಾಗದವರು ದಿಕ್ಕು ಪತ್ತೆಹಚ್ಚುವ ಆಂಟೆನಾಗಳಿಂದ ಇಂಥ ಕಿರುಚಾಟದ ಮನೆಯನ್ನು ಹುಡುಕಬಲ್ಲರು. ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಬಳಸಲು ಅನುಮತಿ ಇದೆ ಎಂದಲ್ಲ.

ಸಿಗ್ನಲ್ ಸಿಗದಿದ್ದರೆ ಏನು ಮಾಡುವುದು?

ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಬೂಸ್ಟರ್‌ನ ಅಗತ್ಯವೇ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ವೈ-ಫೈ ಕಾಲಿಂಗ್’ ಎಂದು ಹುಡುಕಿ, ಆನ್ ಮಾಡಿ. ಏರ್‌ಟೆಲ್ ಇದನ್ನು 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ತಂದವು. ಅದೇ ನಂಬರು, ಬೇರೆ ಆ್ಯಪ್ ಬೇಡ. ಕರೆ ಟವರ್ ಹುಡುಕದೆ ಮನೆಯ ವೈ-ಫೈ ಮೂಲಕ ಹೋಗುತ್ತದೆ. ಬ್ರಾಡ್‌ಬ್ಯಾಂಡ್ ಇಲ್ಲದವರು ಕಿಟಕಿಯ ಬಳಿ ನಿಂತು ಮಾತಾಡಿ, ಫೋನಿನ ಮೇಲಂಚು ಕೆಳಂಚುಗಳನ್ನು ಬೆರಳಿನಿಂದ ಮುಚ್ಚದೆ ಹಿಡಿಯಿರಿ. ಅಲ್ಲೇ ಸಾಮಾನ್ಯವಾಗಿ ಆಂಟೆನಾ ಇರುತ್ತದೆ. ಲೋಹದ ಕವರ್, ಹಿಂಬದಿಯ ಮ್ಯಾಗ್ನೆಟ್ ತಗಡು ತೆಗೆದು ನೋಡಿ, ಎಷ್ಟೋ ಸಲ ಅಲ್ಲೇ ಕೆಲಸ ಮುಗಿಯುತ್ತದೆ. ದುಡ್ಡು ಕೊಟ್ಟು ಕೊಂಡ ‘ವಿಕಿರಣ ತಡೆ ಸ್ಟಿಕ್ಕರ್’ ಅಂಟಿಸಿದ್ದರೆ ಅದನ್ನೂ ಕಿತ್ತುಬಿಡಿ. ಅದು ನಿಜಕ್ಕೂ ಏನನ್ನಾದರೂ ತಡೆದರೆ ಫೋನ್ ಇನ್ನಷ್ಟು ಜೋರಾಗಿ ಕೂಗುತ್ತದೆ, ತಡೆಯದಿದ್ದರೆ ದುಡ್ಡು ದಂಡ.

ಗೆರೆ ತುಂಬಿದ್ದೂ ನಾಲ್ಕಾರು ಮನೆಗಳಲ್ಲಿ, ಬೇರೆ ಬೇರೆ ಕಂಪನಿಯ ಫೋನ್‌ಗಳಲ್ಲಿ ಕರೆ ಹೋಗುತ್ತಿಲ್ಲವಾದರೆ 198ಕ್ಕೆ ಕರೆ ಮಾಡಿ ನಿಮ್ಮ ಕಂಪನಿಗೆ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ‘ಗೆರೆ ಇದೆ, ಕರೆ ಹೋಗುತ್ತಿಲ್ಲ, ಇಂಥ ಹೊತ್ತಿನಲ್ಲಿ ಶುರುವಾಗುತ್ತದೆ’ ಎಂದು ಬಿಡಿಸಿ ಹೇಳಿ. ಬೂಸ್ಟರ್ ಇರುವ ಮನೆಯವರು ರಾತ್ರಿ ಸ್ವಿಚ್ ಆರಿಸಿ ಮಲಗುವುದುಂಟು. ಹಾಗಾಗಿ ಶುರುವಾಗುವ, ನಿಲ್ಲುವ ಹೊತ್ತನ್ನು ಗುರುತಿಟ್ಟುಕೊಂಡಿದ್ದರೆ ಹುಡುಕುವವರಿಗೆ ಅರ್ಧ ಕೆಲಸ ಮುಗಿದಂತೆ.